ಬೆಂಕಿ ಹೊರಗೆ, ಬಿಸಿನೀರು ಒಳಗೆ

ಈ ವಾರ ಬೋರ್ಡೋ ವಿಷಯ ಬರೀತೀನಿ ಅಂತ ಹೇಳಿದ್ದೆ. ಸುಣ್ಣ, ಮೈಲುತುತ್ತದ ಲೆಕ್ಕ ಮುಂದಿನ ವಾರಕ್ಕಿರಲಿ. ಮಳೆ ಹಿಡಿಯೋಕೆ ಇನ್ನೂ ಸ್ವಲ್ಪ ದಿನ ಇದೆ, ಅಷ್ಟರೊಳಗೆ ಮುಗಿಸಬೇಕಾದ ಇನ್ನೊಂದು ಕೆಲಸ ಇದೆ. ಇದು ತೋಟದ ಕೆಲಸ ಅಲ್ಲ, ಬಚ್ಚಲುಮನೆ ಕೆಲಸ. ಬಚ್ಚಲೊಳಗೆ ಗ್ಯಾಸ್ ಗೀಸರ್ ನೇತುಹಾಕಿಕೊಂಡವರು ದಯವಿಟ್ಟು ಪೂರ್ತಿ ಓದಿ.

ನಮ್ಮ ಕಡೆ ಗ್ಯಾಸ್ ಗೀಸರ್ ಯಾಕೆ ಬಂತು ಅಂತ ನಿಮಗೆ ಗೊತ್ತು. ಮಳೆಗಾಲದಲ್ಲಿ ಸೋಲಾರ್ ಲೆಕ್ಕಕ್ಕಿಲ್ಲ. ಕರೆಂಟ್ ಗೀಸರ್ ಹಾಕಿದ್ರೆ ವೋಲ್ಟೇಜ್ ಇಲ್ಲ, ವೋಲ್ಟೇಜ್ ಬಂದ ದಿನ ಲೈನ್ ಮೇಲೆ ಮರ ಬಿದ್ದಿರುತ್ತೆ. ಸೌದೆ ಒಣಗಿಸೋಕೆ ಜಾಗ ಇಲ್ಲ, ಒಡೆಯೋಕೆ ಜನ ಇಲ್ಲ. ಅಂಗಡಿಯಲ್ಲಿ ಪೆಟ್ಟಿಗೆ ತಗೊಂಡು ಗೋಡೆಗೆ ಎರಡು ಮೊಳೆ ಹೊಡೆದು, ಎರಡು ದೊಡ್ಡ ಸೆಲ್ ಹಾಕಿ, ಸಿಲಿಂಡರ್ ಜೋಡಿಸಿದ್ರೆ ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು. ನಮ್ಮ ಮನೆಯ ಹೊಸ ಬಚ್ಚಲಲ್ಲೂ ಒಂದು ಇತ್ತು. ಭಾವ ಪೇಟೆಯಿಂದ ಪ್ರೀತಿಯಿಂದ ತಂದು ಕೊಟ್ಟದ್ದು.

ಈ ಪೆಟ್ಟಿಗೆಗಳಲ್ಲಿ ಎರಡು ಜಾತಿ. ಒಂದಕ್ಕೆ ತಲೆ ಮೇಲೆ ದುಂಡಗಿನ ಬಾಯಿ ಇರುತ್ತೆ, ಅದಕ್ಕೆ ಹೊಗೆ ಕೊಳವೆ ಸಿಕ್ಕಿಸಿ ಹೊರಗೆ ಬಿಡಬೇಕು. ಇನ್ನೊಂದಕ್ಕೆ ತಲೆ ಮೇಲೆ ಬರೀ ಸೀಳು ಕಿಂಡಿ. ಉರಿದದ್ದೆಲ್ಲ ಆ ಕಿಂಡಿಯಿಂದ ನೇರ ಬಚ್ಚಲೊಳಗೇ ಬರುತ್ತೆ. ಅಗ್ಗಕ್ಕೆ ಸಿಗೋದು ಎರಡನೇ ಜಾತಿ. ನಮ್ಮದೂ ಅದೇ.

"ಗ್ಯಾಸ್ ಉರಿದ್ರೆ ಹೊಗೆ ಎಲ್ಲಿ ಬರುತ್ತೆ ಮಾರಾಯ್ರೆ, ನೀಲಿ ಬೆಂಕಿ ಅಲ್ವಾ" ಅಂತ ಸುಮಾರು ಜನ ಕೇಳ್ತಾರೆ. ಕಣ್ಣಿಗೆ ಕಾಣೋ ಹೊಗೆ ಇಲ್ಲ, ನಿಜ. ಆದರೆ ಉರಿದ ಗ್ಯಾಸ್ ಮಾಯ ಆಗಲ್ಲ. ಒಂದು ಕೆ.ಜಿ. ಗ್ಯಾಸ್ ಉರಿದ್ರೆ ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಿ ಹೊರಬರುತ್ತೆ. 14.2 ಕೆ.ಜಿ. ಸಿಲಿಂಡರ್ ಒಂದು ಖಾಲಿಯಾಗೋದರೊಳಗೆ 20 ಲೀಟರಿಗೂ ಹೆಚ್ಚು ನೀರು ಗಾಳಿಗೆ ಸೇರಿರುತ್ತೆ. ಬಚ್ಚಲ ಗೋಡೆ ಬೆವರಿ ಮೂಲೆಯಲ್ಲಿ ಕಪ್ಪು ಬೂಸ್ಟು ಹಿಡಿಯೋಕೆ ಸ್ನಾನದ ಆವಿ ಒಂದೇ ಕಾರಣ ಅಲ್ಲ, ಗೀಸರ್ ಬಿಟ್ಟ ನೀರಿನ ಪಾಲೂ ಇದೆ. ನೀರಿನ ಜೊತೆ ಇಂಗಾಲದ ಡೈಆಕ್ಸೈಡ್ ಬರುತ್ತೆ. ಇದು ಬೆಂಕಿಗೆ ಸಾಕಷ್ಟು ಗಾಳಿ ಸಿಕ್ಕಾಗಿನ ಲೆಕ್ಕ. ಗಾಳಿ ಕಮ್ಮಿ ಆದ್ರೆ ಬರೋದೇ ಬೇರೆ: ಕಾರ್ಬನ್ ಮೊನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯಲ್ಲ, ಕೆಮ್ಮು ಬರಲ್ಲ. ಸಿಲಿಂಡರ್ ಗ್ಯಾಸಿಗೆ ವಾಸನೆ ಇದೆಯಲ್ಲ ಅಂದ್ರೆ, ಅದು ಸೋರಿಕೆ ಗೊತ್ತಾಗಲಿ ಅಂತ ಬೆರೆಸಿದ ವಾಸನೆ. ಬೆಂಕಿಯಲ್ಲಿ ಅದೂ ಉರಿದು ಹೋಗುತ್ತೆ. ಹಾಗಾಗಿ "ವಾಸನೆ ಬಂದ್ರೆ ಗೊತ್ತಾಗುತ್ತೆ ಬಿಡಿ" ಅನ್ನೋ ಧೈರ್ಯ ಇಲ್ಲಿ ಕೆಲಸಕ್ಕೆ ಬರಲ್ಲ.

ಈಗ ಗಾಳಿ ಲೆಕ್ಕ. ನಮ್ಮ ಬಚ್ಚಲು 6 ಅಡಿ ಉದ್ದ, 5 ಅಡಿ ಅಗಲ, 8 ಅಡಿ ಎತ್ತರ. ಅಂದ್ರೆ 240 ಘನ ಅಡಿ ಗಾಳಿ. 6 ಲೀಟರ್ ಗೀಸರ್ ಪೂರ್ತಿ ಉರಿಯಲ್ಲಿ ಗಂಟೆಗೆ ಹತ್ತಿರ ಹತ್ತಿರ ಒಂದು ಕೆ.ಜಿ. ಗ್ಯಾಸ್ ತಿನ್ನುತ್ತೆ. ಒಂದು ಕೆ.ಜಿ. ಗ್ಯಾಸ್ ಸರಿಯಾಗಿ ಉರಿಯೋಕೆ 400 ಘನ ಅಡಿಗೂ ಹೆಚ್ಚು ಗಾಳಿ ಬೇಕು. ಕಾಲು ಗಂಟೆಯ ಸ್ನಾನಕ್ಕೆ ಕಾಲು ಕೆ.ಜಿ. ಗ್ಯಾಸ್, 100 ಘನ ಅಡಿಗೂ ಮೇಲೆ ಗಾಳಿ. ಕೋಣೆಯ ಆಮ್ಲಜನಕದಲ್ಲಿ ಅರ್ಧದ ಹತ್ತಿರ ಹೋಯ್ತು. ಆದರೆ ಬೆಂಕಿ ಅಲ್ಲಿವರೆಗೂ ಕಾಯಲ್ಲ. ಗಾಳಿಯಲ್ಲಿ ಶೇಕಡಾ 21ರ ಹತ್ತಿರ ಇರೋ ಆಮ್ಲಜನಕ 18ರ ಆಸುಪಾಸಿಗೆ ಇಳಿಯುತ್ತಿದ್ದ ಹಾಗೇ ಉರಿ ಕೆಡೋಕೆ ಶುರು. ಪೂರ್ತಿ ಮುಚ್ಚಿದ ಕೋಣೆಯಲ್ಲಿ ಅದಕ್ಕೆ ಐದು ನಿಮಿಷ ಸಾಕು. ಬಾಗಿಲ ಸಂದಿಯಿಂದ ಸ್ವಲ್ಪ ಗಾಳಿ ನುಗ್ಗೋದರಿಂದ ನಿಜದಲ್ಲಿ ಇನ್ನೂ ಸ್ವಲ್ಪ ಹೊತ್ತು ಹಿಡಿಯುತ್ತೆ. ನಾವೆಲ್ಲ ಇಷ್ಟು ದಿನ ಸ್ನಾನ ಮಾಡಿ ಬದುಕಿರೋದು ಆ ಸಂದಿಯ ಪುಣ್ಯ.

ಈ ಅನಿಲ ನಮ್ಮ ರಕ್ತಕ್ಕೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಬಲವಾಗಿ ಅಂಟಿಕೊಳ್ಳುತ್ತೆ. ಒಮ್ಮೆ ಅಂಟಿದ್ರೆ ಬೇಗ ಬಿಡಲ್ಲ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ವಾಕರಿಕೆ, ಕೈಕಾಲು ಸೋಲೋದು. ಎದ್ದು ಬಾಗಿಲು ತೆಗೀಬೇಕು ಅನ್ನೋ ಬುದ್ಧಿ ಬರೋ ಹೊತ್ತಿಗೆ ಏಳೋ ಶಕ್ತಿ ಇರಲ್ಲ. ಬಚ್ಚಲ ಚಿಲಕ ಒಳಗಿನಿಂದ ಹಾಕಿರುತ್ತೆ. ಪೇಪರ್‌ನಲ್ಲಿ ಚಳಿಗಾಲ, ಮಳೆಗಾಲದಲ್ಲಿ ಬರೋ "ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ" ಅನ್ನೋ ಸುದ್ದಿಗಳಲ್ಲಿ ಎಷ್ಟೋ ಇದೇ ಕತೆ.

ನಮ್ಮ ಮನೆಯಲ್ಲಿ ಇದು ಗಮನಕ್ಕೆ ಬಂದದ್ದು ಹೀಗೆ. ನಮ್ಮನೆಯವಳಿಗೆ ವಾರಕ್ಕೊಂದು ದಿನ ತಲೆ ಸಿಡಿಯೋದು. ಅಮ್ಮ ಪಿತ್ತ ಅಂದ್ರು, ಕೋಕಂ ಸಾರು ಆಯ್ತು. ಬಿ.ಪಿ. ನೋಡಿಸಿದ್ವಿ, ಸರಿ ಇತ್ತು. ಯಾವ ದಿನ ನೋಯುತ್ತೆ ಅಂತ ಕ್ಯಾಲೆಂಡರಿನಲ್ಲಿ ಗೀಟು ಹಾಕಿದಾಗ ತಲೆಗೆ ಎಣ್ಣೆ ಹಚ್ಚಿ ಮಿಂದ ದಿನಕ್ಕೆ ಸರಿಯಾಗಿ ಕೂತಿತು. ಆ ದಿನ ಅವಳು ಒಳಗೆ ಇರೋದು ಅರ್ಧ ಗಂಟೆ. ನಾನು ಐದು ನಿಮಿಷಕ್ಕೆ ಎರಡು ಚೊಂಬು ಸುರಿದುಕೊಂಡು ಬರೋನು, ನನಗೆ ಏನೂ ಇಲ್ಲ. ಅವಳ ಹಿಂದೆಯೇ ಸ್ನಾನಕ್ಕೆ ಹೋದ ಅಮ್ಮನಿಗೂ ಒಂದು ದಿನ ತಲೆ ಸುತ್ತಿತು. ಒಂದೇ ಮನೆಯ ಇಬ್ಬರಿಗೆ, ಒಂದೇ ಹೊತ್ತಿಗೆ, ಒಂದೇ ಕೋಣೆಯಿಂದ ಬಂದಮೇಲೆ ತಲೆನೋವು ಬಂದ್ರೆ ಅದು ಪಿತ್ತ ಅಲ್ಲ ಅಂತ ಇಟ್ಟುಕೊಳ್ಳಿ. ಅವತ್ತಿಂದ ಆ ಗೀಸರ್ ಸಿಲಿಂಡರ್ ಕಳಚಿಟ್ಟೆ. ಬಿಸಿನೀರು ಅಡುಗೆಮನೆಯಲ್ಲಿ ಕಾಯಿಸಿ ಬಕೆಟ್ಟಿನಲ್ಲಿ ಹೊತ್ತದ್ದು ಹನ್ನೆರಡು ದಿನ.

ಈಗ ಅವಸರ ಯಾಕೆ ಅಂದ್ರೆ, ಮಗಳು ಹೆರಿಗೆಗೆ ಬರ್ತಿದ್ದಾಳೆ. ಜೂನ್ ಮೂರನೇ ವಾರ ಅಂದಿದ್ದಾರೆ ಡಾಕ್ಟರು. ಹೊಟ್ಟೆಯಲ್ಲಿರೋ ಕೂಸಿನ ರಕ್ತ ಈ ಅನಿಲವನ್ನ ತಾಯಿ ರಕ್ತಕ್ಕಿಂತ ಹೆಚ್ಚು ಹಿಡಿಯುತ್ತೆ, ಬಿಡೋದು ಇನ್ನೂ ನಿಧಾನ. ಹೆರಿಗೆ ಆದಮೇಲೆ ಬಾಣಂತಿ ನೀರು. ನಮ್ಮ ಕಡೆ ಬಾಣಂತಿ ಸ್ನಾನ ಅಂದ್ರೆ ಏನು ಅಂತ ಹೇಳಬೇಕಿಲ್ಲ. ಮುಕ್ಕಾಲು ಗಂಟೆ, ಕೊಡಗಟ್ಟಲೆ ಸುಡುನೀರು, ಒಳಗೆ ತಾಯಿ, ಕೂಸು, ನೀರು ಹಾಕೋ ಅಜ್ಜಿ, ಮೂರು ಜೀವ. ಕಿಟಕಿ ಬಾಗಿಲು ಎಲ್ಲ ಬಂದ್, ಯಾಕಂದ್ರೆ ಬಾಣಂತಿಗೆ ಗಾಳಿ ಸೋಕಬಾರದು.

ಈ ಮಾತಿಗೆ ಅಮ್ಮನ ಹತ್ತಿರ ಜಗಳ ಆಡಿ ಪ್ರಯೋಜನ ಇಲ್ಲ ಅಂತ ನಿಮಗೂ ಗೊತ್ತು. "ಕಿಟಕಿ ತೆಗೆದಿಡೋಣ ಅಮ್ಮ" ಅಂದೆ. "ಜಡಿಮಳೇಲಿ ಹಸಿ ಬಾಣಂತಿಗೆ ಕಿಟಕಿ ತೆಗೀತೀಯಾ? ನಿನ್ನ ಹೆತ್ತಾಗ ನಾನು ಮೂರು ತಿಂಗಳು ಕಿವಿಗೆ ಹತ್ತಿ ಇಟ್ಕೊಂಡಿದ್ದೆ" ಅಂದ್ರು.

"ಆಗ ಹಳೇ ಬಚ್ಚಲಲ್ಲಿ ಹಂಡೆ ಒಲೆ ಇತ್ತಲ್ಲ, ಹೊಗೆ ಆಗ್ತಿರಲಿಲ್ವಾ?"

"ಹೊಗೆ ಎಂತಕ್ಕೆ ಆಗ್ತದೆ? ಒಲೆ ಬಾಯಿ ಹೊರಗಡೆ ಇತ್ತಲ್ಲ. ನಿನ್ನಪ್ಪ ಹೊರಗಿನಿಂದ ಸೌದೆ ತುಂಬ್ತಿದ್ರು, ಒಳಗೆ ಹಂಡೆ ಮಾತ್ರ."

ಅಷ್ಟೇ ಉತ್ತರ. ನಮ್ಮ ಹಿರಿಯರ ಬಚ್ಚಲಲ್ಲಿ ಬೆಂಕಿ ಗೋಡೆಯ ಆಚೆ, ನೀರು ಗೋಡೆಯ ಈಚೆ. ಒಲೆ ಒಳಗೇ ಇದ್ದ ಮನೆಗಳಲ್ಲೂ ಮೇಲೆ ಹೆಂಚಿನ ಮಾಡು, ಸಂದಿ ಸಂದಿಯಲ್ಲಿ ಹೊಗೆ ಹೋಗ್ತಿತ್ತು. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರ ಅಸ್ತ್ರ ಒಲೆ ಹಳ್ಳಿ ಹಳ್ಳಿಗೆ ಬಂದಾಗಲೂ ಅದರ ಜೊತೆ ಒಂದು ಚಿಮಣಿ ಇತ್ತು. ಕಣ್ಣಿಗೆ ಕಾಣೋ ಹೊಗೆಗೆ ನಾವು ಯಾವಾಗಲೂ ದಾರಿ ಮಾಡಿದ್ದೀವಿ. ಈಗ ಮೇಲೆ ಆರ್‌ಸಿಸಿ, ಪಕ್ಕಕ್ಕೆ ಅಲ್ಯೂಮಿನಿಯಂ ಕಿಟಕಿ, ಕೆಳಗೆ ಟೈಲ್ಸ್. ಮನೆ ಬಿಗಿ ಆಯ್ತು, ಬೆಂಕಿ ಒಳಗೆ ಬಂತು, ದಾರಿ ಮಾತ್ರ ಬಿಟ್ಟುಹೋಯ್ತು.

ಮೊದಲು ಪ್ಲಂಬರ್ ಹುಡುಗ ಹೇಳಿದ್ದು, "ಅಣ್ಣ, ಮೇಲೆ ಒಂದು ತಗಡಿನ ಗೂಡು ಮಾಡಿ ಪೈಪ್ ಸಿಕ್ಕಿಸಿ ಹೊರಗೆ ಬಿಡೋಣ, ಮುಗೀತು." ಇದನ್ನ ನಾನು ಬೇಡ ಅಂದೆ. ಕಾರಣ ಹೇಳ್ತೀನಿ. ಕೊಳವೆಗೆ ಅಂತ ಮಾಡಿದ ಗೀಸರಿನಲ್ಲಿ ಉರಿಗೂ ಕೊಳವೆಗೂ ನಡುವೆ ಬೇಕಂತಲೇ ಒಂದು ತೆರಪು ಬಿಟ್ಟಿರ್ತಾರೆ. ಹೊರಗಿನ ಗಾಳಿ ಕೊಳವೆಯೊಳಗೆ ತಿರುಗಿ ಹೊಡೆದ್ರೆ ಅದು ಆ ತೆರಪಿನಲ್ಲಿ ಪಕ್ಕಕ್ಕೆ ಹೋಗುತ್ತೆ, ಉರಿಗೆ ತಾಗಲ್ಲ. ಬರೀ ಸೀಳು ಕಿಂಡಿಯ ಗೀಸರಿಗೆ ಆ ಏರ್ಪಾಡು ಇಲ್ಲ. ಅದರ ತಲೆ ಮುಚ್ಚಿ ಕೊಳವೆ ಹಾಕಿದ್ರೆ ಎಳೆತ ಹೆಚ್ಚಾಗಿಯೋ ಕಮ್ಮಿಯಾಗಿಯೋ ಉರಿ ಕೆಡುತ್ತೆ. ಎಷ್ಟು ಸಾರಿ ಮೇಲಿನಿಂದ ಗಾಳಿ ಹೊಡೆದ್ರೂ ಅಷ್ಟೂ ಸಾರಿ ಹೊಲಸು ಬಚ್ಚಲಿಗೆ. ಮನೆಯವರಿಗೆ "ಪೈಪ್ ಹಾಕಿದೆ" ಅನ್ನೋ ಸುಳ್ಳು ಧೈರ್ಯ ಬೇರೆ.

ಅಣ್ಣನ ಮಗ ಅಮೆರಿಕದಲ್ಲಿದ್ದಾನೆ. ಫೋನಿನಲ್ಲಿ ಇದನ್ನ ಹೇಳಿದಾಗ ಅವನು ನಕ್ಕ. ಅಲ್ಲಿ ಚಳಿಗೆ ಗೋಡೆಯೊಳಗೆ ಗ್ಯಾಸ್ ಅಗ್ಗಿಷ್ಟಿಕೆ ಇಡ್ತಾರಂತೆ, ಚಿಮಣಿ ಇರೋದು ಒಂದು ಜಾತಿ, ಇಲ್ಲದ್ದು ಇನ್ನೊಂದು. ಚಿಮಣಿ ಇಲ್ಲದ್ದರಲ್ಲಿ ಆಮ್ಲಜನಕ ಇಳಿದ್ರೆ ತಾನೇ ಆರೋ ಪೈಲಟ್ ಉರಿ ಇರುತ್ತೆ. ಅಷ್ಟಿದ್ರೂ ಕ್ಯಾಲಿಫೋರ್ನಿಯಾದಲ್ಲಿ ಮನೆಯೊಳಗೆ ಅದನ್ನ ಬಿಡಲ್ಲ. ಅಲ್ಲಿಯವರೂ ಇದೇ ಪ್ರಶ್ನೆ ಕೇಳ್ತಾರಂತೆ, ಚಿಮಣಿ ಇಲ್ಲದ್ದಕ್ಕೆ ಚಿಮಣಿ ಹಾಕಬಹುದಾ ಅಂತ. ಉತ್ತರವೂ ಇದೇ: ಕೊಳವೆ ಸಿಕ್ಕಿಸಿದ್ರೆ ಆಗಲ್ಲ, ಪೆಟ್ಟಿಗೆಯನ್ನೇ ಬದಲಿಸಬೇಕು. ಗೀಸರ್ ವಿಷಯದಲ್ಲಿ ನಮಗೆ ಇನ್ನೊಂದು ಅನುಕೂಲ ಇದೆ. ಅಗ್ಗಿಷ್ಟಿಕೆಯನ್ನ ಹೊರಗಿಟ್ಟು ಒಳಗೆ ಚಳಿ ಕಾಯಿಸೋಕೆ ಆಗಲ್ಲ, ಗೀಸರನ್ನ ಹೊರಗಿಟ್ಟು ಒಳಗೆ ಮೀಯಬಹುದು.

ನಾನು ಮಾಡಿದ್ದು ಅದನ್ನೇ. ಬಚ್ಚಲ ಹಿಂದಿನ ಗೋಡೆಯ ಹೊರಮೈಗೆ, ಎದೆ ಎತ್ತರಕ್ಕೆ ಗೀಸರ್ ಬಂತು. ಮೇಲೆ ಮೂರಡಿ ತಗಡಿನ ಮಾಡು, ಮಳೆ ಎರಚಲು ಬರೋ ದಿಕ್ಕಿಗೆ ಒಂದೇ ಬದಿ ಮರೆ, ಉಳಿದ ಎರಡು ಬದಿ ಪೂರ್ತಿ ಬಯಲು. ಇಲ್ಲಿ ಒಂದು ಎಚ್ಚರ. ಚೆನ್ನಾಗಿ ಕಾಣಲಿ ಅಂತ ಗೀಸರಿಗೆ ನಾಲ್ಕೂ ಕಡೆ ಪೆಟ್ಟಿಗೆ ಕಟ್ಟಿ ಬಾಗಿಲು ಇಡಬೇಡಿ, ಅದು ಇನ್ನೊಂದು ಸಣ್ಣ ಬಚ್ಚಲೇ ಆಯ್ತು. ಕಿಟಕಿ ಕೆಳಗೂ ಬೇಡ, ಕಿಟಕಿಯಿಂದ ನಾಲ್ಕೈದು ಅಡಿ ಆದರೂ ದೂರ ಇರಲಿ. ಗೋಡೆ ಕೊರೆದು ಬಿಸಿನೀರಿಗೆ ಸಿಪಿವಿಸಿ ಪೈಪು, ಮೇಲೆ ಸ್ಪಂಜಿನ ಹೊದಿಕೆ. "ಅಷ್ಟು ದೂರದಿಂದ ಬರೋವಾಗ ನೀರು ಆರಿ ಹೋಗಲ್ವಾ" ಅಂತ ಪಕ್ಕದ ಮನೆಯವರು ಕೇಳಿದ್ರು. ಹತ್ತಡಿ ಅರ್ಧ ಇಂಚು ಪೈಪಿನಲ್ಲಿ ನಿಲ್ಲೋ ನೀರು ಅರ್ಧ ಲೀಟರೂ ಇಲ್ಲ. ಒಂದು ಚೊಂಬು ಬಿಟ್ಟರೆ ಬಿಸಿ ಬರುತ್ತೆ. ಸಿಲಿಂಡರ್ ಕೂಡ ಹೊರಗೇ, ನೆಟ್ಟಗೆ ನಿಲ್ಲಿಸಿ, ಗುಂಡಿಯಿಲ್ಲದ ಸಮ ನೆಲದಲ್ಲಿ. ಉರಿಯದ ಗ್ಯಾಸ್ ಗಾಳಿಗಿಂತ ಭಾರ, ತಗ್ಗು ಸಿಕ್ಕಿದ್ರೆ ಅಲ್ಲಿ ಕೂತಿರುತ್ತೆ. ಕಿತ್ತಳೆ ಬಣ್ಣದ ಸುರಕ್ಷಾ ಪೈಪಿನ ಮೇಲೆ ವರ್ಷ ಬರೆದಿರುತ್ತೆ, ಐದು ವರ್ಷಕ್ಕೆ ಬದಲಿಸಬೇಕು. ತಗಡು, ಪೈಪು, ಮೇಸ್ತ್ರಿ ಒಂದು ದಿನ, ಪ್ಲಂಬರ್ ಒಂದು ದಿನ, ಎಲ್ಲ ಸೇರಿ ನನಗೆ ಬಿದ್ದದ್ದು 5,800 ರೂಪಾಯಿ.

ಎಲ್ಲರ ಬಚ್ಚಲಿಗೂ ಹೊರಗೋಡೆ ಇರಲ್ಲ. ಮನೆ ಮಧ್ಯೆ ಬಚ್ಚಲು ಇರೋರು, ಹೋಮ್‌ಸ್ಟೇಗೆ ರೂಮಿಗೊಂದು ಬಚ್ಚಲು ಕಟ್ಟಿಸಿರೋರು ಕೊಳವೆ ಇರೋ ಜಾತಿಯ ಗೀಸರನ್ನೇ ತಗೋಬೇಕು. ಹೊರಗಿನಿಂದಲೇ ಗಾಳಿ ಎಳೆದು ಹೊರಗೇ ಬಿಡೋದು ಸಿಕ್ಕಿದ್ರೆ ಎಲ್ಲಕ್ಕಿಂತ ಒಳ್ಳೇದು, ಅದಕ್ಕೆ ಬಚ್ಚಲ ಗಾಳಿಯ ಹಂಗೇ ಇಲ್ಲ. ಫ್ಯಾನ್ ಇಟ್ಟು ಹೊರಗೆ ತಳ್ಳೋ ಗೀಸರ್ ಕೂಡ ಬರುತ್ತೆ, ಆದರೆ ಕರೆಂಟ್ ಇಲ್ಲದಾಗ ಅದು ಹೊತ್ತಲ್ಲ, ನಮ್ಮ ಮಳೆಗಾಲಕ್ಕೆ ಅದನ್ನ ಯೋಚನೆ ಮಾಡಿ ತಗೊಳ್ಳಿ. ಸಾದಾ ಕೊಳವೆಯದ್ದಾದ್ರೆ ಇಷ್ಟು ನೆನಪಿಡಿ. ಗೀಸರ್ ಬಾಯಿ ಎಷ್ಟು ಅಗಲವೋ ಕೊಳವೆ ಅಷ್ಟೇ ಅಗಲ, ಎಲ್ಲೂ ಕಿರಿದು ಮಾಡಬಾರದು. ಲೋಹದ ಕೊಳವೆಯೇ ಆಗಬೇಕು, ಪಿವಿಸಿ ಕರಗುತ್ತೆ. ಮೊದಲು ಎರಡಡಿ ಆದರೂ ನೆಟ್ಟಗೆ ಮೇಲಕ್ಕೆ, ಆಮೇಲೆ ಬಗ್ಗಿಸೋದು. ಅಡ್ಡ ಹೋಗೋ ಭಾಗ ಗಿಡ್ಡ ಇರಲಿ, ಹೊರಗಿನ ಕಡೆಗೆ ಏರುತ್ತಾ ಹೋಗಲಿ. ಸೂರಿನ ಕೆಳಗೆ ಬಿಡಬೇಡಿ, ಮಾಡಿನ ಮೇಲಕ್ಕೆ ತಗೊಂಡು ಹೋಗಿ ಟೋಪಿ ಹಾಕಿ. ಮರದ ಪಕಾಸು, ರೀಪಿಗೆ ತಾಗದ ಹಾಗೆ ಜಾಗ ಬಿಡಿ. ಬಾಗಿಲ ಕೆಳಗೆ ಗಾಳಿ ಬರೋಕೆ ಜಾಲರಿ ಇರಲೇಬೇಕು, ಒಳಗೆ ಗಾಳಿ ಬಾರದೆ ಕೊಳವೆಯಲ್ಲಿ ಹೊಗೆ ಹೋಗಲ್ಲ.

ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ಕೊಳವೆ ಗೀಸರ್ ಇರೋ ಬಚ್ಚಲಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕಿ ಬಾಗಿಲು ಬಿಗಿ ಮುಚ್ಚಿದ್ರೆ ಒಳ್ಳೇದಲ್ಲ, ಕೆಟ್ಟದ್ದು. ಫ್ಯಾನ್ ಗಾಳಿ ಹೊರಗೆ ಎಳೆಯುತ್ತೆ, ಆ ಜಾಗ ತುಂಬೋಕೆ ಬೇರೆ ದಾರಿ ಇಲ್ಲದೆ ಗಾಳಿ ಕೊಳವೆಯಿಂದಲೇ ಕೆಳಗಿಳಿಯುತ್ತೆ, ಉರಿದದ್ದನ್ನೂ ವಾಪಸ್ ತರುತ್ತೆ.

ಪರೀಕ್ಷೆ ಮಾಡೋಕೆ ಒಂದು ಅಗರಬತ್ತಿ ಸಾಕು. ಬಾಗಿಲು ಕಿಟಕಿ ಮುಚ್ಚಿ, ಗೀಸರ್ ಐದು ನಿಮಿಷ ಉರಿಸಿ, ಕೊಳವೆ ಶುರುವಾಗೋ ತೆರಪಿನ ಹತ್ತಿರ ಅಗರಬತ್ತಿ ಹಿಡಿಯಿರಿ. ಹೊಗೆ ಒಳಕ್ಕೆ ಎಳೆದುಕೊಂಡ್ರೆ ದಾರಿ ಸರಿ ಇದೆ. ಹೊಗೆ ನಿಮ್ಮ ಮುಖದ ಕಡೆ ಬಂದ್ರೆ ಕೂಡಲೇ ಆರಿಸಿ, ಬಾಗಿಲು ತೆಗೆದು ಹೊರಗೆ ಬನ್ನಿ. ವರ್ಷಕ್ಕೊಮ್ಮೆ, ಮಳೆಗೆ ಮುಂಚೆ ಈ ಪರೀಕ್ಷೆ ಮಾಡಿ. ಬೇಸಿಗೆಯಲ್ಲಿ ಕೊಳವೆಯೊಳಗೆ ಕಡಜ, ಹಕ್ಕಿ ಗೂಡು ಕಟ್ಟಿರುತ್ತೆ. ಉರಿ ನೀಲಿ ಬಿಟ್ಟು ಹಳದಿಯಾದ್ರೆ, ಪೆಟ್ಟಿಗೆ ಮೇಲೆ ಮಸಿ ಕಂಡ್ರೆ ಉಪಯೋಗಿಸಬೇಡಿ, ಮೆಕ್ಯಾನಿಕ್ ಕರೆಸಿ.

ಯಾರಾದ್ರೂ ಒಳಗೆ ಕುಸಿದಿದ್ರೆ ಮೊದಲು ಬಾಗಿಲು ಒಡೆದು ಅವರನ್ನ ಬಯಲಿಗೆ ತನ್ನಿ, ಗ್ಯಾಸ್ ಬಂದ್ ಮಾಡಿ, 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ "ಗ್ಯಾಸ್ ಗೀಸರ್ ಉರೀತಿತ್ತು" ಅಂತ ಬಾಯಿಬಿಟ್ಟು ಹೇಳಿ. ಕೊರೊನಾ ಕಾಲದಲ್ಲಿ ತಂದ ಬೆರಳಿಗೆ ಹಾಕೋ ಯಂತ್ರ ಮನೆಯಲ್ಲಿರುತ್ತೆ, ಅದು 98 ತೋರಿಸಿದ್ರೆ ಸಮಾಧಾನ ಪಡಬೇಡಿ. ಆ ಯಂತ್ರಕ್ಕೆ ಆಮ್ಲಜನಕ ಹೊತ್ತ ರಕ್ತಕ್ಕೂ ಈ ಅನಿಲ ಹೊತ್ತ ರಕ್ತಕ್ಕೂ ವ್ಯತ್ಯಾಸ ಗೊತ್ತಾಗಲ್ಲ.

ಕಾಫಿ ತೋಟ ಇರೋರಿಗೆ ಒಂದು ಮಾತು. ಡಿಸೆಂಬರ್, ಜನವರಿ ಚಳಿಗೆ ಲೈನ್ ಮನೆಗಳಲ್ಲಿ ಬಾಣಲೆಗೆ ಕೆಂಡ ತುಂಬಿ ಒಳಗಿಟ್ಟು ಬಾಗಿಲು ಹಾಕಿ ಮಲಗ್ತಾರೆ. ಹೊಗೆ ಇಲ್ಲದ ಕೆಂಡ ಅಂದ್ರೆ ಇದೇ ಅನಿಲದ ಗಣಿ. ದೂರದಿಂದ ಬಂದ ಕೆಲಸದವರಿಗೆ ಅವರ ಭಾಷೆಯಲ್ಲೇ ಹೇಳಿಸಿ, ಒಳ್ಳೆ ಕಂಬಳಿ ಕೊಡಿ. ಅವರು ನಮ್ಮ ಜಾಗದಲ್ಲಿ ಮಲಗೋರು, ಅದು ನಮ್ಮ ಜವಾಬ್ದಾರಿ.

ಮೊನ್ನೆ ಭಾನುವಾರ ನಮ್ಮ ಬಚ್ಚಲಲ್ಲಿ ಕಿಟಕಿ, ಬಾಗಿಲು ಎಲ್ಲ ಮುಚ್ಚಿ ನಮ್ಮನೆಯವಳು ಅರ್ಧ ಗಂಟೆ ತಲೆಗೆ ಮಿಂದಳು. ಹೊರಗೆ ಗೀಸರ್ ಬುಸುಬುಸು ಉರೀತಿತ್ತು, ನಾನು ಪಕ್ಕದಲ್ಲಿ ಕಾಳುಮೆಣಸಿನ ಬಳ್ಳಿ ಕಟ್ಟೋ ನಾರು ಸೀಳ್ತಾ ಕೂತಿದ್ದೆ. ತಲೆನೋವು ಬರಲಿಲ್ಲ. ಅಮ್ಮ ಬಂದು ಗೋಡೆ ನೋಡಿ, "ಒಲೆ ಬಾಯಿ ಹೊರಗೆ ಬಂತಲ್ಲ, ಈಗ ಸರಿ" ಅಂದು ಬಾಣಂತಿ ಎಣ್ಣೆ ಕಾಯಿಸೋಕೆ ಹೋದ್ರು. ಚಿಲಕ ಮಾತ್ರ ಒಳಗಿನಿಂದ ತೆಗೆಸಿದ್ದೀನಿ, ಬದಲಿಗೆ ಹೊರಗೊಂದು ಬಟ್ಟೆ ನೇತುಹಾಕೋದು, ಒಳಗೆ ಜನ ಇದ್ದಾರೆ ಅನ್ನೋ ಗುರುತಿಗೆ.

ನಿಮ್ಮ ಬಚ್ಚಲ ಅಳತೆ ತಗೊಂಡು ನಾನು ಮಾಡಿದ ಹಾಗೆ ಒಂದು ಸಲ ಲೆಕ್ಕ ಹಾಕಿ. ಹೊರಗೋಡೆ ಇಲ್ಲ, ಹೇಗೆ ಮಾಡೋದು ಗೊತ್ತಾಗ್ತಿಲ್ಲ ಅನ್ನೋರು ಸಂಜೆ ಹೊತ್ತು ಮನೆ ಕಡೆ ಬನ್ನಿ, ನೋಡಿಕೊಂಡು ಹೋಗಬಹುದು. ಬೋರ್ಡೋ ಮುಂದಿನ ವಾರ.